ಮೋಟಾರಿನ ಬಾಗಿಲಲ್ಲಿ ಹಳೆಯ ಸ್ಪೀಕರು

ಮನೆಯ ರೇಡಿಯೋ ಸದ್ದು ನಿಲ್ಲಿಸಿದರೆ ಮನೆಮಂದಿಯೆಲ್ಲ ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಮೋಟಾರಿನೊಳಗಿನ ರೇಡಿಯೋದ ಸಂಗತಿ ಹಾಗಲ್ಲ. ಅದರ ದನಿ ಒಂದೇ ದಿನದಲ್ಲಿ ಕೆಡುವುದಿಲ್ಲ. ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಮಂಕಾಗುತ್ತ ಹೋಗುತ್ತದೆ. ಕೇಳುವವರು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾರೆ. ಸದ್ದು ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಕೊನೆಗೆ ‘ರೇಡಿಯೋ ಹಳೆಯದಾಯಿತು’ ಎಂದು ಹೊಸದನ್ನು ಕೊಳ್ಳುವವರುಂಟು. ಆದರೆ ಹೆಚ್ಚಿನ ಸಲ ಸೋತಿರುವುದು ರೇಡಿಯೋ ಅಲ್ಲ. ಬಾಗಿಲಿನ ತಗಡಿಗೆ ಅಂಟಿಕೊಂಡು ಬಿಸಿಲು, ಮಳೆ, ಧೂಳುಗಳನ್ನು ಉಂಡ ಧ್ವನಿವರ್ಧಕ, ಅಂದರೆ ಸ್ಪೀಕರು.

ಬೀದರ ಜಿಲ್ಲೆಯಂಥ ಗಡಿನಾಡಿನಲ್ಲಿ ಇದು ಕೇವಲ ಮನರಂಜನೆಯ ವಿಷಯವಲ್ಲ. ಠಾಣಾ ಕುಶನೂರಿನಿಂದ ಭಾಲ್ಕಿಗೋ ಔರಾದಿಗೋ ಬೀದರ ಪಟ್ಟಣಕ್ಕೋ ಹೊರಟ ಒಂದು ಬಾಡಿಗೆ ಮೋಟಾರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತನಾಡುವವರು ಒಂದೇ ಬೆಂಚಿನ ಮೇಲೆ ಕುಳಿತಿರಬಹುದು. ೧೯೫೬ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಹತ್ತಿರದ ಕಲಬುರಗಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದದ್ದು ೧೯೬೬ರಲ್ಲಿ. ಹವಾಮಾನ, ತೊಗರಿ ಉದ್ದುಗಳ ಧಾರಣೆ, ಊರಿನ ಸುದ್ದಿ, ಇವನ್ನು ಹಲವರು ತಮ್ಮ ಮನೆಮಾತಲ್ಲದ ಭಾಷೆಯಲ್ಲಿ ಕೇಳಬೇಕಾಗುತ್ತದೆ. ಮನೆಮಾತಿನಲ್ಲಾದರೆ ಅರ್ಧ ಕೇಳಿದ ಶಬ್ದವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಕಲಿತ ಭಾಷೆಯಲ್ಲಿ ಆ ಅನುಕೂಲ ಕಡಿಮೆ. ಸಾಲು, ಕಾಲು, ಪಾಲು, ಹಾಲು, ಈ ನಾಲ್ಕನ್ನು ಬೇರೆಮಾಡುವುದು ಮೊದಲಿನ ಒಂದು ವ್ಯಂಜನ ಮಾತ್ರ. ಅಂಥ ವ್ಯಂಜನಗಳ ಗುರುತು ಬಹುಪಾಲು ಇರುವುದು ಸೆಕೆಂಡಿಗೆ ಎರಡು ಸಾವಿರಕ್ಕೂ ಹೆಚ್ಚು ಕಂಪನಗಳುಳ್ಳ ತೆಳು ಸದ್ದಿನಲ್ಲಿ. ಮುಪ್ಪಾದ ಸ್ಪೀಕರಿನ ಕರಕರ ಮೊದಲು ಮುಚ್ಚಿಹಾಕುವುದು ಈ ತೆಳು ಸದ್ದನ್ನೇ.

ಹಾಗಾದರೆ ಸ್ಪೀಕರಿಗೆ ಮುಪ್ಪು ಬರುವುದು ಹೇಗೆ? ಅದರ ಒಳಗು ಬಹಳ ಸರಳ. ಹಿಂದೆ ಒಂದು ಅಯಸ್ಕಾಂತ. ಅದರ ಕಿರಿದಾದ ಸಂದಿನಲ್ಲಿ ತೂಗುವ ತೆಳುವಾದ ತಂತಿಸುರುಳಿ. ಸುರುಳಿಗೆ ಅಂಟಿಸಿದ ಕಾಗದದ ಶಂಕು. ರೇಡಿಯೋದಿಂದ ಬಂದ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅಯಸ್ಕಾಂತ ಅದನ್ನು ಹಿಂದೆ ಮುಂದೆ ತಳ್ಳುತ್ತದೆ. ಶಂಕು ಗಾಳಿಯನ್ನು ನೂಕುತ್ತದೆ. ಅದೇ ನಮಗೆ ಕೇಳುವ ದನಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ೧೯೨೫ರಲ್ಲಿ ವಿವರಿಸಿದ ಈ ಏರ್ಪಾಡೇ ಇಂದಿಗೂ ಹೆಚ್ಚಿನ ಸ್ಪೀಕರುಗಳಲ್ಲಿದೆ. ಶಂಕುವಿನ ಹೊರ ಅಂಚನ್ನು ಮೆತ್ತನೆಯ ಒಂದು ಪಟ್ಟಿ ಚೌಕಟ್ಟಿಗೆ ಹಿಡಿದಿರುತ್ತದೆ. ಈ ಪಟ್ಟಿ ನೊರೆಯಂಥ ಪ್ಲಾಸ್ಟಿಕ್ಕಿನದಾದರೆ ಬಿಸಿಲಿನ ಝಳಕ್ಕೂ ಗಾಳಿಯ ತೇವಕ್ಕೂ ಹತ್ತು ಹದಿನೈದು ವರ್ಷಗಳಲ್ಲಿ ಒಣರೊಟ್ಟಿಯಂತೆ ಮುರಿಯತೊಡಗುತ್ತದೆ. ರಬ್ಬರಿನದು ಹೆಚ್ಚು ಕಾಲ ಬಾಳುತ್ತದೆ. ಪಟ್ಟಿ ಹರಿದರೆ ಶಂಕು ಓರೆಯಾಗಿ, ಸುರುಳಿ ಸಂದಿನ ಗೋಡೆಗೆ ಉಜ್ಜುತ್ತದೆ. ಬಿಗಿ ಸಡಿಲಿದ ಹಲಗೆಯ ಚರ್ಮವನ್ನು ಬೆಂಕಿಗೆ ಹಿಡಿದು ಸರಿಪಡಿಸಬಹುದು. ಸ್ಪೀಕರಿಗೆ ಆ ಉಪಾಯವಿಲ್ಲ. ಪಟ್ಟಿ ಮಾತ್ರ ಹೋಗಿದ್ದರೆ ಕುಶಲ ರಿಪೇರಿಗಾರರು ಹೊಸ ಪಟ್ಟಿ ಅಂಟಿಸಿಕೊಡುವುದುಂಟು. ಸುರುಳಿ ಸುಟ್ಟಿದ್ದರೆ ಬದಲಾಯಿಸುವುದೇ ಲೇಸು.

ಆದರೆ ಕೊಳ್ಳುವ ಮುನ್ನ ದೋಷ ಎಲ್ಲಿದೆಯೆಂದು ಖಚಿತ ಮಾಡಿಕೊಳ್ಳಬೇಕು. ರೇಡಿಯೋದಲ್ಲಿ ಎಡ ಬಲ ಹೊಂದಿಸುವ ಗುಂಡಿಯಿದ್ದರೆ, ದನಿಯನ್ನು ಒಂದೊಂದೇ ಬಾಗಿಲಿಗೆ ಕಳಿಸಿ ಕೇಳಿರಿ. ಒಂದು ಬಾಗಿಲು ಮಾತ್ರ ಕರಕರ ಎನ್ನುತ್ತಿದ್ದರೆ ಎರಡೂ ಕಡೆಯ ಸ್ಪೀಕರುಗಳನ್ನು ಅದಲು ಬದಲು ಮಾಡಿ ನೋಡಿರಿ. ಕರಕರ ಸ್ಪೀಕರಿನೊಡನೆ ಆಚೆ ಬಾಗಿಲಿಗೆ ಹೋದರೆ ಸ್ಪೀಕರೇ ಕೆಟ್ಟಿದೆ. ಅಲ್ಲೇ ಉಳಿದರೆ ತಂತಿ ಅಥವಾ ರೇಡಿಯೋ ಕೆಟ್ಟಿದೆ. ಬಾಗಿಲು ತೆರೆದಾಗ ನಿಂತು, ಮುಚ್ಚಿದಾಗ ಮತ್ತೆ ಬರುವ ದನಿ ತಂತಿಯ ದೋಷವನ್ನು ಸೂಚಿಸುತ್ತದೆ. ಬಾಗಿಲ ಕೀಲಿನ ಬಳಿ ರಬ್ಬರು ಕೊಳವೆಯೊಳಗೆ ಹಾದುಹೋಗುವ ತಂತಿ, ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಬಾಡಿಗೆ ಮೋಟಾರುಗಳಲ್ಲಿ, ಮಡಿಸಿ ಮಡಿಸಿ ಒಳಗೇ ತುಂಡಾಗಿರುತ್ತದೆ. ಇಷ್ಟಕ್ಕೆ ಸ್ಪೀಕರು ಕೊಳ್ಳುವುದು ದುಡ್ಡಿನ ದಂಡ. ತೆಗೆದ ಸ್ಪೀಕರಿನ ಶಂಕುವನ್ನು ಎರಡೂ ಬದಿಗೆ ಬೆರಳಿಟ್ಟು ಮೆಲ್ಲಗೆ ಒತ್ತಿರಿ. ಒಳಗೆ ಮರಳು ಉಜ್ಜಿದಂತೆ ಸದ್ದಾದರೆ ಸುರುಳಿ ತಾಗುತ್ತಿದೆ ಎಂದು ಅರ್ಥ.

ಬದಲಿ ಸ್ಪೀಕರಿನ ಆಯ್ಕೆಯಲ್ಲಿ ಮೂರು ಅಳತೆಗಳು ಮುಖ್ಯ. ಮಾರುತಿ ೮೦೦ರ ತಯಾರಿಕೆ ೨೦೧೪ರಲ್ಲಿ, ಟಾಟಾ ಸುಮೊದ ತಯಾರಿಕೆ ೨೦೧೯ರಲ್ಲಿ ನಿಂತಿತು. ಇಂಥ ಹಳೆಯ ಗಾಡಿಗಳಿಗೆ ಕಾರ್ಖಾನೆಯ ಮೂಲ ಭಾಗವನ್ನೇ ಹುಡುಕುತ್ತ ಕೂರಬೇಕಿಲ್ಲ. ಅಳತೆ ಹೊಂದಿದರೆ ಸಾಕು. ಮೊದಲನೆಯದು ಅಗಲ. ಬಾಗಿಲ ಸ್ಪೀಕರುಗಳು ಸಾಮಾನ್ಯವಾಗಿ ನಾಲ್ಕು, ಐದೂಕಾಲು ಅಥವಾ ಆರೂವರೆ ಅಂಗುಲದವು. ಅಗಲ ಒಂದೇ ಆದರೂ ತಿರುಪಿನ ತೂತುಗಳ ಅಂತರ ಬೇರೆಯಿರಬಹುದು. ಹಳೆಯದನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಉತ್ತಮ.

ಎರಡನೆಯದು ಆಳ. ಇದನ್ನೇ ಜನ ಮರೆಯುವುದು. ಬಾಗಿಲೊಳಗೆ ಕಿಟಕಿಯ ಗಾಜು ಇಳಿಯುತ್ತದೆ. ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರು ಕೂರುವ ತಗಡಿನಿಂದ ಗಾಜಿನವರೆಗೆ ಎಷ್ಟು ಜಾಗವಿದೆಯೆಂದು ಅಳೆಯಿರಿ. ಸ್ಪೀಕರಿನ ಹಿಂಬದಿಯ ಅಯಸ್ಕಾಂತ ಅದಕ್ಕಿಂತ ಕಡಿಮೆ ಆಳದ್ದಾಗಿರಬೇಕು. ಇಲ್ಲವಾದರೆ ದನಿ ಬಂದೀತು, ಕಿಟಕಿ ಇಳಿಯದು; ಒತ್ತಾಯಿಸಿದರೆ ಗಾಜು ಒಡೆದೀತು. ಗಾಜನ್ನು ಏರಿಸಿಳಿಸುವ ಸಲಾಕೆಗಳ ದಾರಿಯನ್ನೂ ನೋಡಿಕೊಳ್ಳಬೇಕು.

ಮೂರನೆಯದು ಓಮ್ ಎಂಬ ಅಳತೆಯಲ್ಲಿ ಹೇಳುವ ವಿದ್ಯುತ್ ಪ್ರತಿರೋಧ. ಮೋಟಾರಿನ ಸ್ಪೀಕರುಗಳು ಹೆಚ್ಚಾಗಿ ನಾಲ್ಕು ಓಮಿನವು. ಮೀಟರು ಹಿಡಿದರೆ ಮೂರರಿಂದ ನಾಲ್ಕರೊಳಗೆ ತೋರಿಸುತ್ತವೆ. ನಾಲ್ಕು ಓಮಿನ ಎರಡನ್ನು ಒಂದೇ ಜೋಡಿ ತಂತಿಗೆ ಅಕ್ಕಪಕ್ಕ ಸೇರಿಸಿದರೆ ಎರಡೇ ಓಮ್ ಆಗುತ್ತದೆ. ಅಷ್ಟು ಪ್ರವಾಹ ಕೊಡಲಾರದ ರೇಡಿಯೋ ಬಿಸಿಯಾಗಿ ಕೆಡುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಭಾರೀ ವಾಟ್ ಸಂಖ್ಯೆಗೆ ಮರುಳಾಗಬೇಡಿರಿ. ಅದು ಸ್ಪೀಕರು ತಾಳಬಲ್ಲ ಶಕ್ತಿಯ ಮಾತು, ಕೊಡುವ ಸ್ಪಷ್ಟತೆಯ ಮಾತಲ್ಲ.

ಇನ್ನು ಜೋಡಣೆ. ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಡಿರಿ. ಬಾಗಿಲ ಹಿಡಿ, ಗಾಜಿನ ತಿರುಗುಹಿಡಿ ತೆಗೆದು, ಒಳಹಲಗೆಯನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಗುಬಟೆಗಳು ಒಂದೊಂದಾಗಿ ಬಿಡುತ್ತವೆ. ಹಲಗೆಯ ಹಿಂದೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ‘ಇದೇನು ಕೆಲಸಕ್ಕೆ ಬಾರದ ಹಾಳೆ’ ಎಂದು ಹರಿದೆಸೆಯುವವರೇ ಹೆಚ್ಚು. ಅದರ ಕೆಲಸವನ್ನು ತಿಳಿಯೋಣ. ಮಳೆ ಬಂದಾಗ ಗಾಜಿನ ಅಂಚಿನಿಂದ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ತಳದ ಸಣ್ಣ ತೂತುಗಳಿಂದ ಹೊರಹೋಗುವಂತೆ ಬಾಗಿಲನ್ನು ಕಟ್ಟಿರುತ್ತಾರೆ. ಆ ನೀರು ಒಳಹಲಗೆಗೂ ಕಾಲಡಿಯ ಚಾಪೆಗೂ ಬಾರದಂತೆ ತಡೆಯುವುದು ಈ ಹಾಳೆ. ಹರಿದರೆ ಮೊದಲ ಮಳೆಗಾಲಕ್ಕೇ ಹಲಗೆ ಉಬ್ಬುತ್ತದೆ, ಮುಂದೆ ನೆಲದ ತಗಡಿಗೆ ತುಕ್ಕು ಹಿಡಿಯುತ್ತದೆ. ಆದುದರಿಂದ ಹಾಳೆಯನ್ನು ಅಂಟಿನ ಜಾಗದಲ್ಲಿ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅಂಟಿಸಬೇಕು. ತಳದ ತೂತುಗಳಲ್ಲಿ ಗಟ್ಟಿಯಾದ ಮಣ್ಣನ್ನು ಕಡ್ಡಿಯಿಂದ ತೆಗೆಯಬೇಕು. ಸ್ಪೀಕರಿನ ಮೇಲರ್ಧಕ್ಕೆ ರಬ್ಬರಿನದೊಂದು ಕೊಡೆಯಂಥ ಮರೆ ಕಟ್ಟಿ, ಕೆಳಗನ್ನು ತೆರೆದಿಟ್ಟರೆ ನೀರು ಅದರ ಮೇಲೆ ಬೀಳದು, ನಿಲ್ಲದು.

ಸ್ಪೀಕರಿನ ಶಂಕು ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನಿಂದ ಗಾಳಿ ಎಳೆಯುತ್ತದೆ. ಅಂಚಿನಲ್ಲಿ ಸಂದಿಯಿದ್ದರೆ ಮುಂದಿನದೂ ಹಿಂದಿನದೂ ಕೂಡಿ, ಮುಖ್ಯವಾಗಿ ತಗ್ಗು ಸ್ವರಗಳಲ್ಲಿ, ಒಂದನ್ನೊಂದು ಅಳಿಸುತ್ತವೆ. ಆದುದರಿಂದ ತಗಡು ಮತ್ತು ಸ್ಪೀಕರಿನ ನಡುವೆ ಮೆತ್ತನೆಯ ಪಟ್ಟಿಯಿಟ್ಟು ಸುತ್ತಲೂ ಸಮನಾಗಿ ಬಿಗಿಯಬೇಕು. ಹೊಸ ತೂತು ಕೊರೆದರೆ ಅದರ ಅಂಚಿಗೆ ಬಣ್ಣ ಹಚ್ಚುವುದನ್ನು ಮರೆಯಬಾರದು.

ತಂತಿಗಳಲ್ಲಿ ಧನ, ಋಣ ಎರಡುಂಟು. ಒಂದು ಬಾಗಿಲಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಲೆಕೆಳಗಾಗಿಯೂ ಜೋಡಿಸಿದರೆ ಒಂದು ಶಂಕು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತದೆ. ಡಗ್ಗದ ಗುಂ ಎಂಬ ನಾದ ಸೊರಗುತ್ತದೆ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ. ಗುರುತು ಅಳಿಸಿದ್ದರೆ ಗಡಿಯಾರದಲ್ಲಿ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿಗೆ ಕ್ಷಣಮಾತ್ರ ತಾಗಿಸಿರಿ. ಶಂಕು ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಧನ ತಾಗಿದ ಕಡೆಯೇ ಸ್ಪೀಕರಿನ ಧನ. ಸ್ಪೀಕರಿನ ಯಾವ ತಂತಿಯೂ ಬಾಗಿಲ ತಗಡಿಗೆ ತಾಗದಿರಲಿ. ತೀರ ಹಳೆಯ ರೇಡಿಯೋಗಳಲ್ಲಿ ಒಂದು ತಂತಿಯನ್ನು ಗಾಡಿಯ ಮೈಗೇ ಸೇರಿಸುತ್ತಿದ್ದುದುಂಟು. ಇಂದಿನ ಹೆಚ್ಚಿನ ರೇಡಿಯೋಗಳಲ್ಲಿ ಎರಡೂ ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ. ಹಾಗೆ ಸೇರಿಸಿದರೆ ರೇಡಿಯೋ ಸುಟ್ಟುಹೋದೀತು. ಹಳೆಯ ಗಾಡಿಗೆ ಹೊಸ ರೇಡಿಯೋ ಕೂರಿಸಿದವರು ಇದನ್ನು ತಪ್ಪದೆ ಪರೀಕ್ಷಿಸಬೇಕು.

ಒಳಹಲಗೆಯನ್ನು ಮತ್ತೆ ಹಾಕುವ ಮುಂಚೆಯೇ ಗಾಜನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ ನೋಡಿ, ಆಮೇಲೆ ರೇಡಿಯೋ ಹಚ್ಚಿರಿ. ಪರೀಕ್ಷೆಗೆ ಹಾಡಿಗಿಂತ ವಾರ್ತೆಯೇ ಒಳ್ಳೆಯದು. ಹಾಡಿನಲ್ಲಿ ಕುಂದು ಮರೆಯಾದೀತು, ಮಾತಿನಲ್ಲಿ ಆಗದು. ದನಿಯನ್ನು ತಗ್ಗಿಸಿ, ಹಿಂದಿನ ಆಸನದಲ್ಲಿ ಕುಳಿತು, ಓದುವವರ ಸಕಾರ ಶಕಾರಗಳು ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆಯೇ ಎಂದು ಗಮನಿಸಿರಿ. ಬಿದ್ದರೆ ಕೆಲಸ ಸರಿಯಾಗಿದೆ. ತಗ್ಗಿದ ದನಿಯಲ್ಲೇ ಮಾತು ತಿಳಿದರೆ ಗುಂಡಿ ಏರಿಸುವ ಕಾರಣವಿರುವುದಿಲ್ಲ. ಹಿಂದಿನ ಲಾರಿಯ ಹಾರನ್ನು ಚಾಲಕನ ಕಿವಿಗೆ ಕೇಳುತ್ತದೆ, ಪಕ್ಕದಲ್ಲಿ ಕುಳಿತವರಿಗೆ ಅಂದಿನ ಮಳೆಯ ಸೂಚನೆಯೂ ಕೇಳುತ್ತದೆ.