ಶೇಕಡಾ 3.67ರ ಸೀಮಾರೇಖೆ

2015ರ ಜುಲೈ 14ರಂದು ವಿಯೆನ್ನಾ ನಗರದಲ್ಲಿ ಆರು ರಾಷ್ಟ್ರಗಳು ಇರಾನಿನೊಡನೆ ಪರಮಾಣು ಒಪ್ಪಂದವೊಂದಕ್ಕೆ ಬಂದವು. ಇರಾನು ಯುರೇನಿಯಮ್ಮನ್ನು ಶೇಕಡಾ 3.67ಕ್ಕಿಂತ ಹೆಚ್ಚಾಗಿ ಸಂವರ್ಧಿಸಕೂಡದು. ಪ್ರತಿಯಾಗಿ ಅದರ ಮೇಲಿನ ಆರ್ಥಿಕ ನಿರ್ಬಂಧಗಳು ಸಡಿಲಗೊಳ್ಳತಕ್ಕದ್ದು. ಆದರೆ 2018ರ ಮೇ 8ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಒಪ್ಪಂದದಿಂದ ಹಿಂದೆ ಸರಿದರು. ಬ್ರಿಟನ್, ಫ್ರಾನ್ಸ್, ಜರ್ಮನಿಗಳು ಅದನ್ನು ಕೈಬಿಡಲೊಪ್ಪಲಿಲ್ಲ. ಬಹುಕಾಲದ ಮಿತ್ರರಲ್ಲಿ ಈ ಭಿನ್ನಾಭಿಪ್ರಾಯವೇಕೆ? ಇದನ್ನು ತಿಳಿಯಬೇಕಾದರೆ ಆ ವಿಚಿತ್ರ ಸಂಖ್ಯೆಯ ಅರ್ಥವನ್ನು ನಾವು ಮೊದಲು ಅರಿಯಬೇಕು.

ನೈಸರ್ಗಿಕ ಯುರೇನಿಯಮ್ಮಿನ ಸುಮಾರು 140 ಪರಮಾಣುಗಳಲ್ಲಿ ಒಂದು ಮಾತ್ರ ಸುಲಭವಾಗಿ ವಿದಳನ ಹೊಂದುವ ಯುರೇನಿಯಂ-235. ಉಳಿದ 139 ತುಸು ಭಾರವಾದ ಯುರೇನಿಯಂ-238. ಯುರೇನಿಯಮ್ಮನ್ನು ಅನಿಲರೂಪದ ಸಂಯುಕ್ತವಾಗಿ ಮಾರ್ಪಡಿಸಿ, ಅತಿವೇಗದಿಂದ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ ಹಾಯಿಸಿದರೆ, ಭಾರವಾದವು ಅಂಚಿನತ್ತ ಹೆಚ್ಚಾಗಿ ಸರಿಯುತ್ತವೆ. ಹೀಗೆ ಅವುಗಳನ್ನು ಹಂತಹಂತವಾಗಿ ಬೇರ್ಪಡಿಸುವುದೇ ಸಂವರ್ಧನೆ.

ಸ್ಥೂಲವಾಗಿ ಲೆಕ್ಕ ಹಾಕೋಣ. 139 ಭಾರ ಪರಮಾಣುಗಳಲ್ಲಿ 113ನ್ನು ತೆಗೆದರೆ ಶೇಕಡಾ 3.67 ದೊರೆಯುತ್ತದೆ, ಇದು ವಿದ್ಯುದಾಗಾರದ ಇಂಧನ. ಇನ್ನು 22ನ್ನು ತೆಗೆದರೆ ಶೇಕಡಾ 20. ಉಳಿದ ನಾಲ್ಕನ್ನೂ ಬಹುಮಟ್ಟಿಗೆ ತೆಗೆದರೆ ಶೇಕಡಾ 90, ಅಂದರೆ ಬಾಂಬಿನ ವಸ್ತು! ಬೆಟ್ಟದ ಬುಡದಲ್ಲಿಯೇ ಹೆಚ್ಚಿನ ಏರು. ಶಿಖರದ ಬಳಿ ದಾರಿ ಸುಲಭ.

ಆದುದರಿಂದ ವಿವಾದವು ನಿಜವಾಗಿ ಕಾಲಾವಧಿಯನ್ನು ಕುರಿತದ್ದು. ಒಪ್ಪಂದದಿಂದಾಗಿ, ಒಂದು ಬಾಂಬಿಗೆ ಸಾಲುವಷ್ಟು ವಸ್ತುವನ್ನು ಪಡೆಯಲು ಇರಾನಿಗೆ ಸುಮಾರು ಒಂದು ವರ್ಷ ಬೇಕಾಗುತ್ತಿತ್ತು. ಮೊದಲು ಎರಡು ಮೂರು ತಿಂಗಳುಗಳೇ ಸಾಕಾಗಿದ್ದವು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಕರ ಕಣ್ಣಿರುವಾಗ ಈ ಅವಕಾಶವೇ ರಕ್ಷಣೆಯೆಂದು ಯೂರೋಪು ವಾದಿಸಿತು. ಮಿತಿಗಳು ಹತ್ತು ಹದಿನೈದು ವರ್ಷಗಳಲ್ಲಿ ಮುಗಿಯುತ್ತವೆ, ಕ್ಷಿಪಣಿಗಳ ಮಾತೇ ಇದರಲ್ಲಿಲ್ಲ ಎಂಬುದು ಟ್ರಂಪರ ಆಕ್ಷೇಪ.

ಇರಾನಿನೊಡನೆ ವ್ಯಾಪಾರವನ್ನು ಉಳಿಸಲು ಮೂರು ಯೂರೋಪಿಯನ್ ರಾಷ್ಟ್ರಗಳು 2019ರಲ್ಲಿ ವಿಶೇಷ ಸಂಸ್ಥೆಯೊಂದನ್ನು ಸ್ಥಾಪಿಸಿದವು. ಅಮೆರಿಕದ ನಿರ್ಬಂಧಗಳಿಗೆ ಹೆದರಿದ ಕಂಪನಿಗಳು ಮಾತ್ರ ದೂರ ಸರಿದವು. 2019ರ ಜುಲೈಯಲ್ಲಿ ಇರಾನು ಮಿತಿಯನ್ನು ಮೀರಿತು; 2021ರ ಏಪ್ರಿಲ್‌ನಲ್ಲಿ ಶೇಕಡಾ 60ನ್ನು ಮುಟ್ಟಿತು. ನಮ್ಮ ಲೆಕ್ಕದಂತೆ, ಅಲ್ಲಿ ಪ್ರತಿ ಹಗುರ ಪರಮಾಣುವಿಗೆ ಭಾರವಾದುದು ಪೂರ್ತಿ ಒಂದೂ ಉಳಿದಿರಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕವು ಇರಾನಿನ ಪರಮಾಣು ನೆಲೆಗಳ ಮೇಲೆ ಬಾಂಬುಗಳನ್ನು ಸುರಿಯಿತು. ಸೆಪ್ಟೆಂಬರ್‌ನಲ್ಲಿ, ಒಪ್ಪಂದವನ್ನು ಕಾಯ್ದುಕೊಂಡು ಬಂದಿದ್ದ ಅದೇ ಮೂರು ರಾಷ್ಟ್ರಗಳ ಕ್ರಮದಿಂದ ವಿಶ್ವಸಂಸ್ಥೆಯ ನಿರ್ಬಂಧಗಳು ಮರಳಿ ಬಂದವು.

ಎಷ್ಟು ಪರಮಾಣುಗಳನ್ನು ತೆಗೆಯಬೇಕೆಂಬುದನ್ನು ವಿಜ್ಞಾನ ಹೇಳಬಲ್ಲದು. ಹಾಗೆ ದೊರೆತ ಒಂದು ವರ್ಷವನ್ನು ನಂಬಬೇಕೆ, ಬೇಡವೆ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಮಿತ್ರರು ಬೇರೆಯಾದುದು ಅಲ್ಲಿಯೇ.