ನೆರಳು ಕೊಳ್ಳಲು ಹೋದವರು

ಗಲ್ಫ್ ದೇಶಗಳ ಶಾಲೆಗಳಿಗೆ ಜುಲೈ, ಆಗಸ್ಟಿನಲ್ಲಿ ರಜೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮನೆಗಳಿಗೆ ಆಗ ಮೊಮ್ಮಕ್ಕಳು ಬರುತ್ತಾರೆ. ನಾಲ್ಕನೆಯ ದಿನಕ್ಕೆ ಒಂದು ಮಾತೂ ಬರುತ್ತದೆ: ‘ಹುಡುಗ್ರನ್ನ ಎಲ್ಲಿಗಂತ ಕರಕೊಂಡು ಹೋಗಾದು ಇಲ್ಲಿ?’ ಅಲ್ಲಿ ವಾರಾಂತ್ಯ ಬಂತೆಂದರೆ ಮಾಲ್. ಅಷ್ಟು ದೊಡ್ಡದು ಇಲ್ಲಿಲ್ಲ. ಕೇಳಿದ ಹಿರಿಯರು ಇದನ್ನು ದುಡ್ಡಿನ ಸೊಕ್ಕೆಂದು ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನ ಅವಸರದ್ದು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೂಲಿಕಾರರನ್ನು ದುಡಿಸುವಂತಿಲ್ಲವೆಂದು ಸರ್ಕಾರದ ನಿಯಮವೇ ಇದೆ. ದೊಡ್ಡವರ ದುಡಿಮೆಯೇ ನಿಲ್ಲುವ ಬಿಸಿಲಲ್ಲಿ ಮಕ್ಕಳು ಆಡುವುದೆಲ್ಲಿ? ಫ್ಲ್ಯಾಟಿಗೆ ಅಂಗಳವಿಲ್ಲ, ಪಡಸಾಲೆಯಿಲ್ಲ. ಮಾಲಿನಲ್ಲಿ ತಂಪಿದೆ, ಕೂರಲು ಬೆಂಚಿದೆ, ಸ್ವಚ್ಛ ಶೌಚಾಲಯವಿದೆ, ಒಳಗೆ ಬರಲು ಟಿಕೆಟ್ಟಿಲ್ಲ. ಅಂಗಡಿಯವರು ಬಟ್ಟೆ ಮಾರಲು ಕೂತಿರುತ್ತಾರೆ. ಇವರು ಬರುವುದು ನೆರಳಿಗೆ. ಅಮೆರಿಕದ ಮಿನಸೋಟಾದ ಹಿಮದಲ್ಲಿ ನೆರಳಿನ ಬದಲು ಬೆಚ್ಚನೆಯ ಜಾಗ ಎಂದುಕೊಂಡರಾಯಿತು, ಲೆಕ್ಕ ಅದೇ.

ಮಾಲ್ ಹುಟ್ಟಿದ್ದೂ ಇದೇ ಆಸೆಯಿಂದ. ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್, 1956ರಲ್ಲಿ ಮಿನಸೋಟಾದ ಈಡೈನಾದಲ್ಲಿ ತೆರೆದ ಸೌತ್‌ಡೇಲ್ ಎಂಬ ಮುಚ್ಚಿದ ಚಾವಣಿಯ ಮಾಲಿನ ವಿನ್ಯಾಸ ಮಾಡಿದ. ಕಾರಿನಲ್ಲೇ ಬದುಕುವ ಬಡಾವಣೆಯ ಜನಕ್ಕೆ ತನ್ನೂರಿನಂಥ ಚೌಕವೊಂದು ಬೇಕು, ಅಂಗಡಿಯ ಸುತ್ತ ಮನೆ, ಶಾಲೆ, ಉದ್ಯಾನ ಬರಬೇಕು ಎಂಬುದು ಅವನ ಎಣಿಕೆ. ಬಂದದ್ದು ಅಂಗಡಿ ಮತ್ತು ಪಾರ್ಕಿಂಗ್ ಮಾತ್ರ. ಕೊನೆಗಾಲದಲ್ಲಿ ಗ್ರೂಯೆನ್ ಇವು ತನ್ನ ಕೂಸುಗಳೇ ಅಲ್ಲವೆಂದು ಕೈತೊಳೆದುಕೊಂಡ. ಚೌಕಕ್ಕೂ ಮಾಲಿಗೂ ಇರುವ ಅಂತರ ತಿಳಿಯಲು ಅದೇ ರಾಜ್ಯದ ಮಾಲ್ ಆಫ್ ಅಮೆರಿಕ ನೋಡಬೇಕು. 1992ರಲ್ಲಿ ತೆರೆದ ಅದು 1996ರಲ್ಲೇ ಒಂದು ನಿಯಮ ತಂದಿತು: ಶುಕ್ರವಾರ, ಶನಿವಾರ ಸಂಜೆ 16ರೊಳಗಿನ ಮಕ್ಕಳು ದೊಡ್ಡವರಿಲ್ಲದೆ ಒಳಗೆ ಬರುವಂತಿಲ್ಲ. ಜಾಗ ಖಾಸಗಿಯದು, ನಿಯಮ ಮಾಡುವ ಹಕ್ಕು ಅವರಿಗಿದೆ. ಆದರೆ ಅಪ್ಪನ ಪಾಕೀಟು ಜೊತೆಗಿದ್ದಾಗ ಮಗುವಿಗೆ ಸಿಗುವ ಉಪಚಾರ ಆ ಮಗುವಿನದಲ್ಲ ಎಂಬುದೂ ಇಲ್ಲೇ ಬಯಲಾಗುತ್ತದೆ.

ಮಾಲಿನಲ್ಲಿ ಮಕ್ಕಳು ಕಲಿಯುತ್ತಾರಲ್ಲ ಎಂಬ ವಾದವಿದೆ. 2008ರಲ್ಲಿ ತೆರೆದ ದುಬೈ ಮಾಲಿನಲ್ಲಿ ಭಾರೀ ಮತ್ಸ್ಯಾಗಾರವಿದೆ, ಐಸ್ ಮೇಲೆ ಜಾರುವ ಅಂಗಳವಿದೆ. ಅಲ್ಲಿನ ಕಿಡ್‌ಝಾನಿಯಾ ಎಂಬ ಮಕ್ಕಳ ಆಟದೂರಿನಲ್ಲಿ ಮಗು ಅಂಗಿ ಬದಲಿಸಿ ಬೆಂಕಿ ಆರಿಸುತ್ತದೆ, ರೋಗಿಗಳನ್ನು ನೋಡುತ್ತದೆ, ಆಟದ ನೋಟಿನ ಸಂಬಳ ಎಣಿಸುತ್ತದೆ. ದುಡಿಮೆಯ ನಟನೆಗೆ ಅಪ್ಪ ನಿಜವಾದ ದಿರ್ಹಮ್ ಕೊಟ್ಟಿರುತ್ತಾನೆ! ಮಗುವಿಗೆ ಖುಷಿಯೇನೋ ಹೌದು. ಇದನ್ನು ನಮ್ಮ ವಾರದ ಸಂತೆಯ ಪಕ್ಕ ಇಟ್ಟು ನೋಡಿ. ಸೊಪ್ಪು ಮಾರುವಾಕೆ ಬೆಳಗಿನ ಜಾವ ಅದನ್ನು ಕಿತ್ತು ತಂದಿರುತ್ತಾಳೆ. ಬಾಡುವ ಮುನ್ನ ಮಾರಬೇಕಾದ್ದರಿಂದ ಸಂಜೆಗೆ ಬೆಲೆ ಇಳಿಸುತ್ತಾಳೆ. ಬೆಲೆಗೆ ಕಾರಣವಿದೆ, ಅದನ್ನು ಮಾತಿನಿಂದ ಅಲುಗಿಸಬಹುದು ಎಂಬ ಎರಡು ಪಾಠ ಅಷ್ಟರಲ್ಲೇ ಮುಗಿಯಿತು. ತೂಕವಾದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳೆ. ಬಾರ್‌ಕೋಡ್ ಯಂತ್ರಕ್ಕೆ ಕೊಸರು ಗೊತ್ತಿಲ್ಲ. ಗಲ್ಫಿನ ಹೈಪರ್‌ಮಾರ್ಕೆಟ್ಟಿನಲ್ಲಿ ಸೋನಾ ಮಸೂರಿಯ ಚೀಲ ನೋಡಿ ಬೆಳೆದ ಮಗುವಿಗೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಅದೇ ಭತ್ತ ನಿಂತಿರುವುದನ್ನು ಸಿಂಧನೂರಿನ ದಾರಿಯಲ್ಲಿ ತೋರಿಸಲು ಯಾವ ಟಿಕೆಟ್ಟೂ ಬೇಡ.

ಸಂತೆಯನ್ನು ಹೀಗೆ ಹೊಗಳುವುದು ದೂರದಿಂದ ಸುಲಭ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಲೇಬೇಕು. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಧೂಳು, ಬೈಕುಗಳ ನುಗ್ಗಾಟ. ಹೆಂಗಸರಿಗೆ ಶೌಚಾಲಯವಿಲ್ಲದ, ಹಸುಗೂಸಿಗೆ ಹಾಲೂಡಿಸಲು ಮರೆಯಿಲ್ಲದ ಸಂತೆಗಳೇ ಹೆಚ್ಚು. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಮಾಲಿನಲ್ಲಿ ‘ಯಾರ ಪೈಕಿ?’ ಎಂದು ಯಾರೂ ಕೇಳುವುದಿಲ್ಲ. ಹೆಂಗಸೊಬ್ಬಳು ಎರಡು ತಾಸು ಸುಮ್ಮನೆ ಕೂತರೂ ಊರ ಕಣ್ಣು ಬೀಳುವುದಿಲ್ಲ. ಚಹಾದ ಲೋಟದಲ್ಲೂ ಜಾತಿ ಎಣಿಸಿದ ಊರುಗಳಿಂದ ಹೋದವರಿಗೆ ಈ ಅನಾಮಿಕತೆ ಸಣ್ಣದಲ್ಲ. ಆದರೂ ಬಾಗಿಲ ಕಾವಲುಗಾರ ಬಟ್ಟೆ ನೋಡುತ್ತಾನೆ, ಒಳಗಿನ ಬೆಲೆಪಟ್ಟಿ ಉಳಿದವರನ್ನು ಸೋಸುತ್ತದೆ. ತಂಪು, ಶೌಚಾಲಯ, ಬೆಂಚು, ಯಾರೂ ಕೆದಕದ ನೆಮ್ಮದಿ ಇವ್ಯಾವುವೂ ಮಾರಾಟದ ಸರಕಲ್ಲ. ಪುರಸಭೆ, ನಗರಸಭೆ ಕೊಡಬಹುದಾದವು. ನಮ್ಮೂರಿಗೂ ಮಾಲ್ ಬರಲಿ ಎನ್ನುವವರು ನಿಜವಾಗಿ ಕೇಳುತ್ತಿರುವುದು ಇವನ್ನೇ. ಹೆಸರು ಮಾತ್ರ ತಪ್ಪಿದೆ.

ನೆರಳು ಆಳುವವರ ಕೆಲಸವೆಂಬ ಮಾತು ಈ ಸೀಮೆಗೆ ಹೊಸದೂ ಅಲ್ಲ. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಬಂಡೆಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಖಚಿತವಾಯಿತು. ಮಸ್ಕಿಯ ಬಂಡೆಯಲ್ಲಿ ನೆರಳಿನ ಮಾತಿಲ್ಲ; ಆದರೆ ಅದೇ ಅರಸ ದೆಹಲಿ–ತೋಪ್ರಾ ಸ್ತಂಭದಲ್ಲಿ, ಜನಕ್ಕೂ ದನಕ್ಕೂ ನೆರಳಾಗಲೆಂದು ದಾರಿಯಲ್ಲಿ ಆಲದ ಮರ ನೆಡಿಸಿದೆ ಎಂದು ಬರೆಸಿದ್ದಾನೆ. ಇನ್ನು ಹುಡುಗರನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆಗೆ ಬಂದರೆ, ಜುಲೈಗೆ ಬರುವ ಮಕ್ಕಳಿಗೆ ಸೋಮಲಾಪುರದ ಅಂಬಾಮಠದ ಜಾತ್ರೆ ಸಿಗುವುದಿಲ್ಲ. ಅದು ಚಳಿಗಾಲದ ಬನದ ಹುಣ್ಣಿಮೆಯದು. ಆಗ ಸಿಗುವುದು ವಾರದ ಸಂತೆ, ಮಸ್ಕಿಯ ಬಂಡೆ, ನೀರು ಬಿಟ್ಟಿದ್ದರೆ ಕಾಲುವೆ. ಮೂರಕ್ಕೂ ಬೆಳಗಿನ ಎಂಟರೊಳಗೆ ಹೊರಡುವುದು ಒಳ್ಳೆಯದು, ಕುಡಿಯುವ ನೀರು ಮನೆಯಿಂದಲೇ ಒಯ್ಯಬೇಕು.