ನಿಮಗಿದು ಗೊತ್ತೇ? ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್‌ಗೂ ಸಹಿ ಇರುತ್ತದೆ!

ಸತ್ತೇಗಾಲದಲ್ಲಿ ಪಹಣಿ ತೆಗೆಸುವ ರೈತರು, ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿನಿ, ಹನೂರಿನಲ್ಲಿ ಫೋನಿಗೆ ಹೊಸ ಆ್ಯಪ್ ಹಾಕಿಕೊಳ್ಳುವ ಗೃಹಿಣಿ: ಮೂವರಿಗೂ ಕಾವಲು ನಿಂತಿರುವುದು ಒಂದೇ ಗಣಿತ. ಅದರ ಹೆಸರು ಡಿಜಿಟಲ್ ಸಹಿ.

● ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಈಗ ಶಾಯಿಯ ರುಜು ಬೇಕಿಲ್ಲ, ಡಿಜಿಟಲ್ ಸಹಿ ಸಾಕು. ಪಹಣಿಗೂ ಅದೇ. ಈ ಸಹಿಗೆ ಕಾನೂನಿನ ಬಲ ಕೊಟ್ಟದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆ. ಅದು ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು.

● ಈ ಸಹಿಗೆ ಬೇಕಾದದ್ದು ಜೋಡಿ ಕೀಲಿ. ಖಾಸಗಿ ಕೀಲಿಯಿಂದ ಸಹಿ ಹಾಕುತ್ತಾರೆ, ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ಸಾರ್ವಜನಿಕ ಕೀಲಿಯನ್ನು ಊರಿಗೆಲ್ಲ ಹಂಚುತ್ತಾರೆ. ಹಂಚಿದ ಕೀಲಿಯಿಂದ ಯಾರು ಬೇಕಾದರೂ ಸಹಿಯನ್ನು ಪರೀಕ್ಷಿಸಬಹುದು, ಆದರೆ ಸಹಿ ಹಾಕಲಾಗದು. 1976ರಲ್ಲಿ ಸಂಶೋಧಕರಾದ ಡಿಫಿ ಮತ್ತು ಹೆಲ್‌ಮನ್ ಈ ವಿಚಾರವನ್ನು ಮುಂದಿಟ್ಟರು. ಮರುವರ್ಷವೇ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರೂ ಸೇರಿ ಅದಕ್ಕೊಂದು ಗಣಿತದ ದಾರಿ ಕಂಡುಕೊಂಡರು. ಅದೇ ಆರ್‌ಎಸ್‌ಎ.

● ಸತ್ತೇಗಾಲಕ್ಕೆ ದೂರವಲ್ಲದ ತಲಕಾಡಿನಿಂದ ಆಳಿದ ಗಂಗರೂ ದಾನಪತ್ರವನ್ನು ಮುದ್ರೆಯಿಲ್ಲದೆ ಕೊಡುತ್ತಿರಲಿಲ್ಲ. ತಾಮ್ರದ ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ, ಆನೆಯ ಮುದ್ರೆ ಒತ್ತುತ್ತಿದ್ದರು. ಆದರೂ ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟಶಾಸನಗಳು, ಅಂದರೆ ಖೋಟಾ ಎಂದು ವಿದ್ವಾಂಸ ಜೆ.ಎಫ್. ಫ್ಲೀಟ್ ವಾದಿಸಿದರು. ಮುದ್ರೆ ಇದ್ದರಷ್ಟೇ ಸಾಲದು, ಅದು ಯಾರದೆಂದು ಪರೀಕ್ಷಿಸಬೇಕು ಎಂಬ ಪಾಠ ಅಷ್ಟು ಹಳೆಯದು.

● ಸಾಫ್ಟ್‌ವೇರ್ ಎಷ್ಟೇ ದೊಡ್ಡದಿರಲಿ, ಸಹಿ ಬೀಳುವುದು ಅದರ 'ಹ್ಯಾಶ್' ಮೇಲೆ. ಎಸ್‌ಎಚ್‌ಎ-256 ಎಂಬ ವಿಧಾನ ಯಾವ ಕಡತವನ್ನು ಕೊಟ್ಟರೂ 64 ಅಕ್ಷರ-ಅಂಕಿಗಳ ಒಂದು ಸಾಲು ಕೊಡುತ್ತದೆ. ಏನೂ ಬರೆಯದ ಖಾಲಿ ಕಡತದ ಸಾಲು ಶುರುವಾಗುವುದು 'ಇ3ಬಿ0ಸಿ442' ಎಂದು. ಸತ್ತೇಗಾಲದಲ್ಲಿ ಲೆಕ್ಕ ಹಾಕಿದರೂ ಅದೇ, ಸಿಂಗಪುರದಲ್ಲಿ ಹಾಕಿದರೂ ಅದೇ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾಯಿಸಿ ನೋಡಿ, ಇಡೀ ಸಾಲೇ ಗುರುತು ಸಿಗದಂತೆ ಬದಲಾಗುತ್ತದೆ.

● ಹಳೆಯ ಹ್ಯಾಶ್‌ಗಳನ್ನು ಈಗ ನಂಬುವಂತಿಲ್ಲ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧಕರು ಬೇರೆ ಬೇರೆಯಾದ ಎರಡು ಪಿಡಿಎಫ್‌ಗಳಿಗೆ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರುವಂತೆ ಮಾಡಿ ತೋರಿಸಿದರು.

● ಡೆಬಿಯನ್, ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳನ್ನು ಬಳಸುವವರ ಕಂಪ್ಯೂಟರ್ ಪ್ರತಿ ಅಪ್‌ಡೇಟ್‌ನಲ್ಲೂ ಸದ್ದಿಲ್ಲದೆ ಸಹಿ ಪರೀಕ್ಷಿಸುತ್ತದೆ. 'ರಿಲೀಸ್' ಎಂಬ ಕಡತಕ್ಕೆ ಸಹಿ ಇರುತ್ತದೆ. ಅದರೊಳಗೆ ಪ್ಯಾಕೇಜ್ ಪಟ್ಟಿಯ ಹ್ಯಾಶ್, ಆ ಪಟ್ಟಿಯೊಳಗೆ ಒಂದೊಂದು ಪ್ಯಾಕೇಜಿನ ಹ್ಯಾಶ್. ದಾರಿಯಲ್ಲಿ ಯಾರೋ ಒಂದು ಪ್ಯಾಕೇಜ್ ತಿದ್ದಿದರೆ ಲೆಕ್ಕ ತಾಳೆಯಾಗದು, ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ.

● ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಉಬುಂಟು ಹೊಸತಲ್ಲ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬ್‌ಗಳಲ್ಲಿ ಓಡುವುದು ಉಬುಂಟು ಆಧಾರಿತ 'ಕೈಟ್' ವ್ಯವಸ್ಥೆ.

● 'ನೋ ಪಬ್‌ಕೀ' ಎಂಬ ಎಚ್ಚರಿಕೆ ಉಬುಂಟು, ಡೆಬಿಯನ್ ಅಪ್‌ಡೇಟ್ ಮಾಡುವಾಗ ಬಂದರೆ, ಸಹಿ ಪರೀಕ್ಷಿಸಲು ಬೇಕಾದ ಸಾರ್ವಜನಿಕ ಕೀಲಿ ನಿಮ್ಮ ಕಂಪ್ಯೂಟರಿನಲ್ಲಿಲ್ಲ ಎಂದರ್ಥ. ಪರೀಕ್ಷೆಯನ್ನೇ ಬಿಟ್ಟುಬಿಡುವ ಆಯ್ಕೆಯೂ ಅಲ್ಲಿದೆ, ಅವಸರದಲ್ಲಿ ಅನೇಕರು ಅದನ್ನೇ ಆರಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಫ್ಟ್‌ವೇರ್ ತಯಾರಿಸಿದವರಿಂದಲೇ ಕೀಲಿ ತಂದು ಹಾಕಿ.

● ಇ-ಆಧಾರ್ ಪಿಡಿಎಫ್‌ನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡು ಗಾಬರಿಯಾಗಿದ್ದೀರಾ? ಅಷ್ಟರಿಂದಲೇ ಅದು ನಕಲಿ ಎನ್ನಲಾಗದು. ಭಾರತದ ಮೂಲ ಪ್ರಮಾಣಪತ್ರ ನಿಮ್ಮ ಕಂಪ್ಯೂಟರಿಗೆ ಇನ್ನೂ ಪರಿಚಯವಾಗಿಲ್ಲ, ಅಷ್ಟೆ. ಪರಿಚಯ ಮಾಡಿಸಿ ಸಹಿಯನ್ನು ಮತ್ತೆ ಪರೀಕ್ಷಿಸಿದರೆ, ಅದು ಅಸಲಿಯಾಗಿದ್ದಲ್ಲಿ ಹಸಿರು ಗುರುತು ಬರುತ್ತದೆ. ಆ ಪಿಡಿಎಫ್ ಅನ್ನು ಪ್ರಿಂಟ್ ತೆಗೆದರೆ ಕಾಗದದ ಮೇಲೆ ಉಳಿಯುವುದು ಸಹಿಯ ಚಿತ್ರ ಮಾತ್ರ, ಸಹಿ ಇರುವುದು ಕಡತದಲ್ಲಿ.

● ಕೋವಿಡ್ ಲಸಿಕೆಯ ಪ್ರಮಾಣಪತ್ರದ ಕ್ಯೂಆರ್ ಕೋಡ್‌ನಲ್ಲೂ ಡಿಜಿಟಲ್ ಸಹಿ ಇತ್ತು. ಅದರ ಹಿಂದಿದ್ದ 'ಡಿವೋಕ್' ಸಾಫ್ಟ್‌ವೇರ್ ರೂಪಿಸಿದ್ದು ಬೆಂಗಳೂರಿನ ಇ-ಗವ್ ಫೌಂಡೇಶನ್.

● ಕೀಲಿ ನಿಜಕ್ಕೂ ಸಹಿ ಹಾಕಿದ ವ್ಯಕ್ತಿಯದೇ ಎಂದು ತಿಳಿಯುವುದು ಹೇಗೆ? ಡೆಬಿಯನ್ ಬಳಗದವರು ಎದುರುಬದುರು ಕೂತು, ಗುರುತಿನ ಚೀಟಿ ನೋಡಿ, ಕೀಲಿಯ 40 ಅಂಕಿ-ಅಕ್ಷರಗಳ 'ಬೆರಳಚ್ಚು' ತಾಳೆ ಹಾಕಿ, ಆಮೇಲೆ ಒಬ್ಬರ ಕೀಲಿಗೆ ಇನ್ನೊಬ್ಬರು ಸಹಿ ಹಾಕುತ್ತಾರೆ. ಈ ಬಳಗದ ವಿಶ್ವ ಸಮ್ಮೇಳನ 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು.

● ಬೆರಳಚ್ಚಿನ ಕೊನೆಯ 8 ಅಂಕಿಗಳನ್ನಷ್ಟೇ ನೋಡಿ ನಂಬಬೇಡಿ. ಅಷ್ಟನ್ನು ಹೊಂದಿಸಿ ನಕಲಿ ಕೀಲಿ ಮಾಡಬಹುದು. ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಹೆಸರಿನಲ್ಲೇ ಇಂಥ ಕೀಲಿ ಪತ್ತೆಯಾಗಿತ್ತು.

● 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆಯ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ, ಗುಟ್ಟಾಗಿ ಒಳನುಗ್ಗಲು 'ಹಿಂಬಾಗಿಲು' ಇಟ್ಟಿದ್ದ ಪ್ರತಿಯನ್ನು ಹಂಚಿದರು. ಜಾಲತಾಣವೇ ಕಳ್ಳರ ಕೈಸೇರಿದರೆ ಅಲ್ಲಿರುವ ಹ್ಯಾಶ್ ಅನ್ನೂ ಅವರು ತಿದ್ದಬಲ್ಲರು. ಖಾಸಗಿ ಕೀಲಿ ಸಿಗದೆ ಸಹಿಯನ್ನು ಮಾತ್ರ ಹುಟ್ಟಿಸಲಾರರು.

● ಕೀಲಿಯೇ ಕಳುವಾದರೆ? 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ವೈರಸ್‌ನ ಮೇಲಿದ್ದದ್ದು ತೈವಾನಿನ ರಿಯಲ್‌ಟೆಕ್ ಕಂಪನಿಯಿಂದ ಕದ್ದ ಕೀಲಿಯ ಸಹಿ. ಪರೀಕ್ಷೆಯಲ್ಲಿ ಅದು ಸರಿಯಾಗಿಯೇ ತೇರ್ಗಡೆಯಾಗುತ್ತಿತ್ತು.

● ಸಹಿ ಹಾಕಿದವರೇ ವಂಚಕರಾದರೆ? 2024ರಲ್ಲಿ 'ಎಕ್ಸ್‌ಝಡ್' ಎಂಬ ಸಾಫ್ಟ್‌ವೇರ್‌ನಲ್ಲಿ ಹಿಂಬಾಗಿಲು ಸೇರಿಸಿದ್ದು ಅದರ ಉಸ್ತುವಾರಿ ಹೊತ್ತವರೇ, ಸಹಿಯೂ ಅವರದೇ. ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಏಕೆ ಎಂದು ಬೆನ್ನುಹತ್ತಿದ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಅದನ್ನು ಹಿಡಿದರು. ಸಹಿ ಹೇಳುವುದು 'ಇದು ಇಂಥವರದು' ಎಂದು ಮಾತ್ರ. ಅವರು ಒಳ್ಳೆಯವರೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ.

● ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಸಹಿಯಿಲ್ಲದ ಆ್ಯಪ್ ಒಂದೂ ಇಲ್ಲ. ಬ್ಯಾಂಕಿನ ಆ್ಯಪ್‌ಗೆ ಅಪ್‌ಡೇಟ್ ಬಂದಾಗ ಫೋನ್ ಹಳೆಯ ಸಹಿಯ ಜೊತೆ ಹೊಸದನ್ನು ತಾಳೆ ನೋಡುತ್ತದೆ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ.

● ಹಾಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಮದುವೆ ಆಮಂತ್ರಣ', 'ಟ್ರಾಫಿಕ್ ಚಲನ್', 'ಪಿಎಂ ಕಿಸಾನ್' ಹೆಸರಿನ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಕಡತಗಳು ಹೇಗೆ ನುಸುಳುತ್ತವೆ? ಆಂಡ್ರಾಯ್ಡ್‌ನಲ್ಲಿ ಯಾರು ಬೇಕಾದರೂ ಸ್ವಂತ ಕೀಲಿ ಮಾಡಿಕೊಂಡು ಸಹಿ ಹಾಕಬಹುದು. ವಂಚಕರು ಅಸಲಿ ಆ್ಯಪ್ ಅನ್ನು ಮುಟ್ಟುವುದಿಲ್ಲ, ಅದೇ ಹೆಸರು, ಅದೇ ಚಿತ್ರ ಹೊತ್ತ ಇನ್ನೊಂದನ್ನು ಹೊಸದಾಗಿ ಹಾಕಿಸುತ್ತಾರೆ. ಹೊಸ ಆ್ಯಪ್‌ಗೆ ತಾಳೆ ನೋಡಲು ಹಳೆಯ ಸಹಿಯೇ ಇರುವುದಿಲ್ಲ. ಬಳಿಕ ಎಸ್‌ಎಂಎಸ್ ಓದುವ ಅನುಮತಿ ಕೇಳಿ ಓಟಿಪಿ ಎಗರಿಸುತ್ತಾರೆ.

● ಇದನ್ನು ಓದಿದ ಮೇಲೆ ಮನೆಯ ಹಿರಿಯರ ಫೋನು ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ 'ಅಪರಿಚಿತ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಿ' ಎಂಬುದನ್ನು ಹುಡುಕಿ ತೆರೆಯಿರಿ. ವಾಟ್ಸ್‌ಆ್ಯಪ್, ಬ್ರೌಸರ್, ಫೈಲ್ ಮ್ಯಾನೇಜರ್ ಮೂರಕ್ಕೂ ಅನುಮತಿ ಆಫ್ ಆಗಿರಲಿ. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದ; ನುಡಿ, ಬರಹದಂಥ ಕನ್ನಡ ತಂತ್ರಾಂಶ ಬೇಕಿದ್ದರೆ ತಯಾರಿಸಿದವರ ಸ್ವಂತ ಜಾಲತಾಣದಿಂದ. ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ದೂರು ಎಷ್ಟು ಬೇಗ ಮುಟ್ಟುತ್ತದೋ, ಹಣವನ್ನು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.